ಚಾಟ್‌ಜಿಪಿಟಿ ಬರೆದ ಅರ್ಜಿಗೆ ಸಹಿ ಹಾಕುವ ಮೊದಲು

ವಕೀಲರ ಫೀಸು ಕೊಡಲಾಗದವರು ಬಂಗಾರಪೇಟೆ, ಕೆಜಿಎಫ್ ಕೋರ್ಟುಗಳಿಗೆ ಚಾಟ್‌ಜಿಪಿಟಿ ಬರೆದ ಅರ್ಜಿ ಹಿಡಿದು ಬರುತ್ತಿದ್ದಾರೆ. ಅದು ಅಪರಾಧವಲ್ಲ. ನಿಮ್ಮ ಕೇಸು ನೀವೇ ನಡೆಸುವ ಹಕ್ಕು ನಿಮಗಿದೆ. ‘ವಕೀಲರನ್ನು ಕರೆತನ್ನಿ’ ಎಂದು ಕೌಂಟರಿನಲ್ಲಿ ಗದರಿದರೆ ಹಿಂತಿರುಗಬೇಡಿ. ಇಂಗ್ಲಿಷ್ ಬೇಕೆಂಬುದೂ ಸುಳ್ಳು, ತಾಲ್ಲೂಕು ಕೋರ್ಟಿನ ಭಾಷೆ ಕನ್ನಡ. ಕೆಜಿಎಫ್‌ನ ಮಾರಿಕುಪ್ಪದಲ್ಲಿ ಮನೆಮಾತು ತಮಿಳಾದವರು ತಮಿಳಿನಲ್ಲಿ ಹೇಳಿ ಕನ್ನಡದಲ್ಲಿ ಬರೆಸಲಿ, ಆದರೆ ಕನ್ನಡ ಬಲ್ಲವರಿಂದ ಪೂರ್ತಿ ಓದಿಸಿ ಕೇಳಲಿ.

ಜನ ಬೀಳುವ ದೊಡ್ಡ ಗುಂಡಿ: ಇಲ್ಲದ ತೀರ್ಪು. ಫೋನಿನಲ್ಲಿರುವ ಚಾಟ್‌ಜಿಪಿಟಿ ಹೆಸರು, ವರ್ಷ, ಪುಟ ಸಮೇತ ಸುಪ್ರೀಂ ಕೋರ್ಟ್ ತೀರ್ಪು ಹುಟ್ಟಿಸಿಬಿಡುತ್ತದೆ. ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳಿದ್ದುದನ್ನು ಕಂಡು 2025ರ ಮಾರ್ಚ್‌ನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಪೀಠ ಮುಂದಿನ ಕ್ರಮಕ್ಕೆ ಸೂಚಿಸಿತು. ನ್ಯಾಯಾಧೀಶರನ್ನೇ ಬಿಡದ ಪ್ರಶ್ನೆ ನಿಮ್ಮನ್ನು ಬಿಟ್ಟೀತೆ? ಅರ್ಜಿಯ ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಎಂದು ಸಹಿ ಹಾಕುವವರು ನೀವು. ಕಾಸು ಎಣಿಸಿಕೊಂಡು ಟೈಪ್ ಮಾಡಿಕೊಟ್ಟ ಅಂಗಡಿಯವನು ಆ ದಿನ ಕೋರ್ಟಿಗೆ ಬರುವುದಿಲ್ಲ.

ಆದ್ದರಿಂದ ದಾವೆಯಲ್ಲಿ ತೀರ್ಪುಗಳನ್ನು ಹೊಡೆದುಹಾಕಿ. ಅಲ್ಲಿ ಬೇಕಿರುವುದು ನಡೆದ ಸಂಗತಿ, ತಾರೀಖು, ಕೇಳುವ ಪರಿಹಾರ. ವಾದಕ್ಕೆ ತೀರ್ಪು ಬೇಕೇ ಆದರೆ ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ. ಸಿಕ್ಕರೂ ಒಳಗೆ ಓದಿ: ಹೆಸರು ನಿಜವಿದ್ದು ಮಾತು ಸುಳ್ಳಿರುವುದುಂಟು.

ಕಲಂಗಳೂ ಹಳೆಯವು ಬರುತ್ತವೆ. ಜೀವನಾಂಶಕ್ಕಿದ್ದ ಸಿಆರ್‌ಪಿಸಿಯ 125ನೇ ಕಲಂ ಈಗ ಹೊಸ ಸಂಹಿತೆ ಬಿಎನ್‌ಎಸ್‌ಎಸ್‌ನ 144. ಅಪರಾಧಗಳಿಗೆ ಐಪಿಸಿ ಬದಲು ಬಿಎನ್‌ಎಸ್ ಬಂದಿದೆ, ಆದರೆ 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಗಡುವನ್ನಂತೂ ಫೋನಿಗೆ ಕೇಳಲೇಬೇಡಿ. ಸಿವಿಲ್ ದಾವೆಯ ಸಮನ್ಸ್ ಕೈಸೇರಿ 30 ದಿನದೊಳಗೆ ತಕರಾರು ಹಾಕಬೇಕು. ಕಾರಣ ಕೊಟ್ಟರೆ ಕೋರ್ಟು 90ರವರೆಗೆ ಬಿಡಬಹುದು. ಗ್ರಾಹಕರ ಆಯೋಗದಲ್ಲಿ 30ರ ಮೇಲೆ 15 ಅಷ್ಟೇ, ಒಂದು ದಿನ ತಪ್ಪಿದರೂ ಬಾಗಿಲು ಮುಚ್ಚಿತು.

ಇಷ್ಟೆಲ್ಲ ಒಬ್ಬರೇ ಹೊರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ‘ಪುಕ್ಕಟೆ ವಕೀಲ ಕೆಲಸ ಮಾಡಲ್ಲ’ ಎನ್ನುವ ದಲ್ಲಾಳಿ ತನ್ನ ಸಂಪಾದನೆ ಕಾಯುತ್ತಿದ್ದಾನೆ. ನೇಮಕವಾದ ವಕೀಲರೇ ಹಣ ಕೇಳಿದರೆ ಅದೇ ಸಮಿತಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯದೆ ಅಲ್ಲಿಂದ ಏಳಬೇಡಿ.