ಹಳೆಯ ಆಕಾಶದ ಪ್ಲೇಟುಗಳಲ್ಲಿ ಕ್ಷಣದ ಬೆಳಕು ಹುಡುಕುವವರಿಗೆ

ತುರ್ವಿಹಾಳದ ಮನೆಯಲ್ಲಿ ಕೂತು ಎಪ್ಪತ್ತು ವರ್ಷದ ಹಿಂದಿನ ಆಕಾಶ ನೋಡುವುದು ನನ್ನ ರಾತ್ರಿಯ ಕೆಲಸ. ಅಮೆರಿಕದ ಪಾಲೋಮರ್ ವೀಕ್ಷಣಾಲಯ 1949ರಿಂದ 1958ರವರೆಗೆ ಗಾಜಿನ ಪ್ಲೇಟುಗಳ ಮೇಲೆ ಸೆರೆಹಿಡಿದ ಆಕಾಶ ಈಗ ಅಲಾಡಿನ್ ತಂತ್ರಾಂಶದಲ್ಲಿ ಎಲ್ಲರಿಗೂ ಉಚಿತ. ಒಮ್ಮೆ ಕಂಡು ಮತ್ತೆಂದೂ ಕಾಣದ ಚುಕ್ಕೆಗಳನ್ನು ಅಲ್ಲಿ ಹುಡುಕುತ್ತಾ ಕಲಿತದ್ದು ಇಷ್ಟು.

1. ಮೊದಲು ಚುಕ್ಕೆಯ ಅಂಚು ನೋಡಿ. ಪ್ಲೇಟು ನೆಗೆಟಿವ್ ಆದ್ದರಿಂದ ನಕ್ಷತ್ರ ಕಪ್ಪಗಿರುತ್ತದೆ. ನಡುವೆ ಗಾಢ, ಅಂಚಿಗೆ ಬಂದಂತೆ ಕರಗುತ್ತದೆ. ಧೂಳಿನ ಕಣದ ಅಂಚು ಕತ್ತರಿಸಿದ ಹಾಗೆ ಚೂಪು.

2. ಚುಕ್ಕೆಯೋ ಗೀರೋ ಎಂದು ಕೇಳಿಕೊಳ್ಳಿ. ಪಾಲೋಮರ್‌ನ ಕೆಂಪು ಪ್ಲೇಟು ಸುಮಾರು 50 ನಿಮಿಷ ಬೆಳಕು ಕುಡಿದದ್ದು. ಅಷ್ಟರಲ್ಲಿ ಕ್ಷುದ್ರಗ್ರಹ ಸರಿದು ಸಣ್ಣ ಗೀರಾಗಿರುತ್ತದೆ.

3. ಸುತ್ತಲಿನ ನಕ್ಷತ್ರಗಳೇ ಸಾಕ್ಷಿ. 1978ರಲ್ಲಿ ಗಾಮಾ ಕಿರಣ ಸಿಡಿದ ಜಾಗವನ್ನು ಬ್ರಾಡ್ಲಿ ಶೇಫರ್ ಹಾರ್ವರ್ಡ್‌ನ ಹಳೆಯ ಪ್ಲೇಟುಗಳಲ್ಲಿ ಹುಡುಕಿದರು. 1928ರ ಒಂದು ಪ್ಲೇಟಿನಲ್ಲಿ ಚುಕ್ಕೆ ಸಿಕ್ಕಿತು. ನಕ್ಷತ್ರಗಳೆಲ್ಲ ತುಸು ಎಳೆದಂತಿದ್ದರೂ ಅದು ಅಷ್ಟು ಎಳೆದಿರಲಿಲ್ಲ. ಅಂದರೆ ಬೆಳಗಿದ್ದು ಸ್ವಲ್ಪವೇ ಹೊತ್ತು. ಎಷ್ಟು ಚೆಂದದ ತರ್ಕ! ಆದರೂ ಇಂಥವು ಪ್ಲೇಟಿನ ದೋಷವಿರಬಹುದೆಂದು ಅನ್ನಾ ಜಿಟ್ಕೊವ್ ಮುಂದೆ ವಾದಿಸಿದರು.

4. ತಾರೀಖು ಬರೆದಿಟ್ಟುಕೊಳ್ಳಿ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಏರಿತು. ಅಲ್ಲಿಂದಾಚೆಗಿನ ಹೊಳಪಿಗೆ ಉಪಗ್ರಹ ಕಾರಣವಿರಬಹುದು.

5. ಸ್ಕ್ಯಾನ್ ನಂಬಿ ತೀರ್ಪು ಕೊಡಬೇಡಿ. 1950ರ ಏಪ್ರಿಲ್ 12ರ ಪ್ಲೇಟಿನಲ್ಲಿ ಒಟ್ಟಿಗೆ ಕಂಡ ಒಂಬತ್ತು ಚುಕ್ಕೆಗಳನ್ನು ಬಿಯಾಟ್ರಿಸ್ ವಿಯಾರೋಯೆಲ್ ತಂಡ 2021ರಲ್ಲಿ ಪ್ರಕಟಿಸಿತು. ಇಂಥ ಚುಕ್ಕೆಗಳು ಪ್ಲೇಟಿನ ಪ್ರತಿ ತೆಗೆಯುವಾಗಿನ ಲೇಪದ ದೋಷವಿರಬೇಕೆಂದು ಹ್ಯಾಂಬ್ಲಿ ಮತ್ತು ಬ್ಲೇರ್ 2024ರಲ್ಲಿ ಹೇಳಿದರು. ಮೂಲ ಪ್ಲೇಟನ್ನೇ ಸೂಕ್ಷ್ಮದರ್ಶಕದಡಿ ಇಡದೆ ಈ ಜಗಳ ಬಗೆಹರಿಯದು ಎಂಬುದು ನನ್ನ ಅಭಿಪ್ರಾಯ.

6. ನಮ್ಮ ಪ್ಲೇಟುಗಳನ್ನು ಮರೆಯಬೇಡಿ. 1956ರವರೆಗೆ ನಮ್ಮೂರು ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ನಿಜಾಮಿಯಾ ವೀಕ್ಷಣಾಲಯ 1914ರಿಂದ, ಇಡೀ ಆಕಾಶದ ನಕ್ಷತ್ರಪಟ್ಟಿ ಮಾಡುವ ಅಂತರರಾಷ್ಟ್ರೀಯ ಕೆಲಸದಲ್ಲಿ ಪಾಲುಗೊಂಡು, ದಕ್ಷಿಣದ 17ರಿಂದ 23 ಡಿಗ್ರಿವರೆಗಿನ ಪಟ್ಟಿಯ ಚಿತ್ರ ತೆಗೆಯಿತು. ಮಹಾವ್ಯಾಧನ ಕಾಲಡಿಯ ಮೊಲದ ಪುಂಜದ ಎರಡು ಹೊಳೆಯುವ ನಕ್ಷತ್ರಗಳು ಇದರೊಳಗೇ ಬರುತ್ತವೆ. ಚಳಿಗಾಲದಲ್ಲಿ ತುರ್ವಿಹಾಳದ ಮಾಳಿಗೆ ಮೇಲೆ ನಿಂತರೆ ಅವು ಸಲೀಸಾಗಿ ಕಾಣುತ್ತವೆ. ಇದೇ ಮಹಾಯೋಜನೆಯ ನಕಾಶೆ ಪ್ಲೇಟುಗಳಲ್ಲಿ ಪ್ರತಿ ನಕ್ಷತ್ರವನ್ನು ಮೂರು ಸಲ, ಪುಟ್ಟ ತ್ರಿಕೋನ ಆಗುವಂತೆ ಅಚ್ಚೊತ್ತಿಸುತ್ತಿದ್ದರು. ಒಂಟಿ ಚುಕ್ಕೆ ಕಂಡರೆ ಅದು ಧೂಳು, ಇಲ್ಲವೇ ನಾವು ಹುಡುಕುತ್ತಿರುವ ಬೆಳಕು. ಹಿಂದಿನವರ ಜಾಣ್ಮೆ ದೊಡ್ಡದು.

ಕೊಡೈಕೆನಾಲಿನ ಸೂರ್ಯನ ಪ್ಲೇಟುಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಡಿಜಿಟಲ್ ಮಾಡಿದೆ. ರಾತ್ರಿಯ ಆಕಾಶದ ಪ್ಲೇಟು ಯಾರ ಕಪಾಟಿನಲ್ಲಿದ್ದರೂ ಸ್ಕ್ಯಾನ್ ಆಯಿತೆಂದು ಗಾಜನ್ನು ಎಸೆಯಬೇಡಿ. ಹೊತ್ತು, ಹವೆ ಬರೆದಿಟ್ಟ ದಾಖಲೆ ಪುಸ್ತಕವನ್ನೂ ಅದರ ಜತೆಗೇ ಕಾಪಾಡಿ.