ಕೊನೆಯವರು ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ?

ಪ್ರಶ್ನೆ: ನನಗೆ 44 ವರ್ಷ. ಬಸವಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿ. ಸಕ್ಕರೆ ಕಾಯಿಲೆ ಶುರುವಾಗಿದೆ, ಮೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ ಮೇಲೆ ಗೇರ್ ಸೈಕಲ್ ಕೊಂಡೆ. ಬೆಳಿಗ್ಗೆ ಚಾನಲ್ ಏರಿ ಮೇಲೆ ಹತ್ತು ಹನ್ನೆರಡು ಕಿ.ಮೀ. ಆರಾಮಾಗಿ ಹೋಗಿಬರುತ್ತೇನೆ. ಜೊತೆಗಾರರು ಬೇಕೆನಿಸಿ ಹೋದ ತಿಂಗಳು ಪೇಟೆಯ ಸೈಕಲ್ ಗುಂಪೊಂದರ ಭಾನುವಾರದ ರೈಡ್‌ಗೆ ಹೋದೆ. ‘ಯಾರು ಬೇಕಾದ್ರೂ ಬರಬಹುದು, ನಿಧಾನವಾಗೇ ಹೋಗ್ತೀವಿ’ ಅಂದಿದ್ದರು. ಹತ್ತೇ ನಿಮಿಷಕ್ಕೆ ಎಲ್ಲರೂ ಕಣ್ಮರೆ. ಅಲ್ಲಲ್ಲಿ ನಿಂತು ಕಾದರು, ಒಂದು ಮಾತೂ ಅನ್ನಲಿಲ್ಲ. ಆದರೂ ನನ್ನಿಂದ ಅವರ ಭಾನುವಾರ ಹಾಳಾಯಿತಲ್ಲ ಎಂಬ ಸಂಕಟ ಹೋಗುತ್ತಿಲ್ಲ. ಮತ್ತೆ ಹೋಗಲೋ, ಬೇಡವೋ? ನನ್ನ ವೇಗಕ್ಕೆ ಹೊಂದುವವರು ಎಲ್ಲಿ ಸಿಗುತ್ತಾರೆ?

ಉತ್ತರ: ಪ್ರೀತಿಯ ಸೋದರಿ, ‘ಅಲ್ಲಲ್ಲಿ ನಿಂತು ಕಾದರು’ ಎಂದು ಬರೆದಿದ್ದೀರಲ್ಲ, ಆ ನಿಲುಗಡೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮುಂದೆ ಹೋದವರು ಅರಳಿಕಟ್ಟೆಗೆ ಸೈಕಲ್ ಒರಗಿಸಿ, ನೀರು ಕುಡಿದು, ಫೋಟೊ ತೆಗೆದುಕೊಂಡು, ಹತ್ತು ನಿಮಿಷ ಹರಟಿರುತ್ತಾರೆ. ನೀವು ಏದುಸಿರು ಬಿಡುತ್ತ ಬಂದು ಒಂದು ಕಾಲು ನೆಲಕ್ಕೆ ಊರುವಷ್ಟರಲ್ಲಿ, ‘ಬಂದ್ರಲ್ಲ, ಹೊರಡೋಣ’ ಎಂದು ಎಲ್ಲರೂ ಸೀಟು ಹತ್ತಿರುತ್ತಾರೆ. ಬೆಳಗಿನಿಂದ ಅವರಿಗೆ ನಾಲ್ಕು ಸಲ ವಿಶ್ರಾಂತಿ ಸಿಕ್ಕಿತು, ನಿಮಗೆ ಒಮ್ಮೆಯೂ ಇಲ್ಲ. ನನಗೂ ಹೀಗೇ ಆಗಿತ್ತು. ಬಾಟಲಿಯ ಮುಚ್ಚಳ ತೆಗೆದವಳು ಕುಡಿಯದೆ ಮುಚ್ಚಿ ಅವರ ಹಿಂದೆ ಹೊರಟಿದ್ದೆ. ಕಾದವರು ಒಳ್ಳೆಯವರೇ. ಆದರೆ ಆ ಕಾಯುವಿಕೆಯಿಂದ ನಿಮಗೆ ದಕ್ಕಿದ್ದು ಸಂಕೋಚ ಮಾತ್ರ. ಅದನ್ನು ನಿಮ್ಮ ಕಾಲಿನ ಸೋಲೆಂದು ಲೆಕ್ಕ ಹಾಕಬೇಡಿ.

ಇನ್ನೊಂದು ಸಂಗತಿಯೂ ನಿಮಗೆ ಎದುರಾಗಿತ್ತು: ಗಾಳಿ. ಮುಂದಿನ ಸೈಕಲ್ಲಿನ ಬೆನ್ನಿಗೇ ಹೋಗುವವರಿಗೆ ಗಾಳಿಯ ಮರೆ ಸಿಗುತ್ತದೆ. ಗಂಟೆಗೆ 25–30 ಕಿ.ಮೀ. ವೇಗದಲ್ಲಿ ಶ್ರಮದ ಕಾಲುಭಾಗದಷ್ಟು ಅದರಿಂದಲೇ ಉಳಿಯುತ್ತದೆ. ಗುಂಪಿನಿಂದ ಒಮ್ಮೆ ಕಳಚಿಕೊಂಡ ಒಂಟಿ ಸವಾರರಿಗೆ ಆ ಮರೆ ಇಲ್ಲ, ಅದೇ ದಾರಿ ಅವರಿಗೆ ಹೆಚ್ಚು ಭಾರವಾಗುತ್ತದೆ. ನಿಮ್ಮ ಸೈಕಲ್ಲಿಗೆ ಹಲ್ಲುಹಲ್ಲಿನ ದಪ್ಪ ಟೈರು ಇದ್ದು, ಅವರದು ಸಪೂರ ಟೈರಾಗಿದ್ದರೆ ಅಂತರ ಇನ್ನೂ ಹೆಚ್ಚುತ್ತದೆ.

ಹಾಗಾಗಿ ಮುಂದಿನ ಸಲ ‘ನಿಧಾನವಾಗಿ’ ಎಂಬ ಮಾತನ್ನು ನಂಬಿ ಹೊರಡಬೇಡಿ. ಒಬ್ಬರ ನಿಧಾನ ಇನ್ನೊಬ್ಬರ ಓಟ. ಮೊದಲು ನಿಮ್ಮ ವೇಗ ನಿಮಗೆ ಗೊತ್ತಿರಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತ ತುಳಿಯಲು ಆಗುತ್ತದಲ್ಲ, ಅದು ನಿಮ್ಮ ವೇಗ. ಒಂದೊಂದೇ ಪದಕ್ಕೆ ಉಸಿರು ತುಂಡಾದರೆ ಅದು ನಿಮ್ಮದಲ್ಲ. ಒಂದು ಗಂಟೆ ಹಾಗೆ ತುಳಿದು ಎಷ್ಟು ಕಿ.ಮೀ. ಆಯಿತೆಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ಹನ್ನೆರಡಾಗಲಿ, ಹದಿನೈದಾಗಲಿ, ಆ ಅಂಕಿಯನ್ನೇ ಗುಂಪಿನವರಿಗೆ ಹೇಳಿ. ಆಮೇಲೆ ಕೇಳಿ: ಕೊನೆಯವರ ಜೊತೆ ಹಿಂದೆ ಉಳಿಯಲು ಒಬ್ಬರನ್ನು ನೇಮಿಸುತ್ತೀರಾ? ಪಂಚರಾದರೆ ಎಲ್ಲರೂ ನಿಲ್ಲುತ್ತೀರಾ? ಕೊನೆಯವರು ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಗುಂಪಿನ ಗುಣ ಗೊತ್ತಾಗುತ್ತದೆ. ‘ಐದು ನಿಮಿಷ ನಿಲ್ತೀವಿ ಮೇಡಂ’ ಎಂದರೆ ಧೈರ್ಯವಾಗಿ ಇನ್ನೊಮ್ಮೆ ಹೋಗಿ. ಅವರು ಇದನ್ನು ಯೋಚಿಸಿಯೇ ಇಲ್ಲ ಅನ್ನಿಸಿದರೆ ಮುನಿಸಿಲ್ಲದೆ ಬಿಟ್ಟುಬಿಡಿ.

ನಿಧಾನವಾಗಿ ತುಳಿಯುವವರಿಗೆ ಸೈಕಲ್ ಲೋಕದಲ್ಲಿ ಜಾಗವಿಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲೂ ನಡೆಯುವ ‘ಬ್ರೆವೆ’ ಎಂಬ ದೂರದ ಸವಾರಿಗಳ ನಿಯಮ ಪ್ಯಾರಿಸ್‌ನ ಒಂದು ಹಳೆಯ ಕ್ಲಬ್ಬಿನದು. 200 ಕಿ.ಮೀ. ಮುಗಿಸಲು ಅದರಲ್ಲಿ 13 ಗಂಟೆ 30 ನಿಮಿಷ ಕೊಡುತ್ತಾರೆ, ಊಟ ತಿಂಡಿ ಎಲ್ಲ ಸೇರಿ. ಅಂದರೆ ಗಂಟೆಗೆ 15 ಕಿ.ಮೀ.ಗಿಂತ ಕಡಿಮೆ. ಅಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದೇ ಇಲ್ಲ.

ಆದರೂ ಪ್ರತಿ ಭಾನುವಾರ ಪೇಟೆಗೆ ಹೋಗಿ ಬರುವುದು ನಿಮ್ಮಂಥ ಮನೆ, ಶಾಲೆ ಎರಡೂ ಇರುವವರಿಗೆ ನಡೆಯುವ ಮಾತಲ್ಲ. ನಿಮ್ಮ ವೇಗದವರು ನಿಮ್ಮೂರಲ್ಲೇ ಇದ್ದಾರೆ ಅಂತ ನನ್ನ ನಂಬಿಕೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆ ಮೊದಲ ವರ್ಷಗಳಲ್ಲಿ ಜಡೆ ಹಾಕಿಕೊಂಡು ಸೈಕಲ್ ತುಳಿದ ಹುಡುಗಿಯರು ಈಗ ಮೂವತ್ತು ದಾಟಿದ್ದಾರೆ. ಮದುವೆಯಾಗಿ, ಮಕ್ಕಳಾಗಿ, ನಿಮ್ಮದೇ ಶಾಲೆಯ ಗೇಟಿನಲ್ಲಿ ಮಕ್ಕಳನ್ನು ಬಿಡಲು ಬರುವವರಲ್ಲಿ ಅಂಥವರು ಎಷ್ಟು ಜನರಿದ್ದಾರೋ! ತುಳಿಯುವುದು ಅವರಿಗೆ ಮರೆತಿಲ್ಲ, ಕರೆಯುವವರು ಇಲ್ಲ ಅಷ್ಟೆ. ಟೀಚರ್ ಕರೆದರೆ ಮನೆಯವರೂ ಬೇಡ ಅನ್ನುವುದು ಕಡಿಮೆ. ಮೂವರು ಸಿಕ್ಕರೂ ಗುಂಪೇ. ಹೆಸರು, ಟೀಶರ್ಟು, ವಾಟ್ಸಾಪ್ ಯಾವುದೂ ಮೊದಲ ತಿಂಗಳು ಬೇಡ.

ದಾರಿ ಆರಿಸುವಾಗ ಗಾಳಿ ನೋಡಿ. ಮಳೆಗಾಲದಲ್ಲಿ ಪಡುವಣ ಗಾಳಿ ಬೆನ್ನಿಗಿದ್ದಾಗ ಸೂಳೆಕೆರೆ ಕಡೆ ಹೋಗುವುದು ಸಲೀಸು. ಕೆರೆ ಏರಿ ಮೇಲೆ ನಿಂತಾಗ ಇನ್ನೂ ಹೋಗಬಹುದು ಅನ್ನಿಸುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ಮೊದಲು ಹೊನ್ನಾಳಿ ದಿಕ್ಕಿಗೆ ಒಂದಷ್ಟು ದೂರ ಗಾಳಿಗೆ ಎದುರಾಗಿ ಹೋಗಿ, ದಣಿದಾಗ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬನ್ನಿ. ಭತ್ತದ ಕೊಯ್ಲಿನಲ್ಲಿ ಅರ್ಧ ರಸ್ತೆಯೇ ಕಣವಾಗಿರುತ್ತದೆ, ಹರಡಿದ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ, ರೈತರಿಗೂ ಒಳ್ಳೆಯದು. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಹೊರಡಬಹುದೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ತಲೆ ಹಗುರಾದರೆ, ಕೈ ನಡುಗಿದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಒಂದು ಉಂಡೆ ಬೆಲ್ಲ ಜೇಬಿನಲ್ಲಿರಲಿ, ಜೊತೆಗಿರುವವರಿಗೂ ಅದು ಗೊತ್ತಿರಲಿ.

ನಿಮ್ಮ ಗುಂಪಿನಲ್ಲಿ ‘ಹೊರಡೋಣ’ ಎನ್ನುವ ಅಧಿಕಾರ ಕೊನೆಗೆ ಬಂದವರದ್ದಾಗಿರಲಿ. ಈ ವಾರವೇ ಆ ತಾಯಂದಿರಲ್ಲಿ ಇಬ್ಬರನ್ನು ಕೇಳಿ ನೋಡಿ. ಅಟ್ಟದ ಮೇಲಿರುವ ಸೈಕಲ್ ಇಳಿಸಿದರೆ ಹೊಸ ಟ್ಯೂಬು, ಬ್ರೇಕ್ ರಬ್ಬರು ಹಾಕಿಸಿ, ಸೀಟು ಅವರ ಎತ್ತರಕ್ಕೆ ಸರಿಮಾಡಿಸಿ. ಎಂಟನೇ ತರಗತಿಯಲ್ಲಿ ಇಟ್ಟ ಎತ್ತರ ಈಗ ಸಾಲುವುದಿಲ್ಲ.