ರಜೆಯಲ್ಲಿ ದೇಹಕ್ಕೂ ಬಿಡುವಿರಲಿ

ಚಳ್ಳಕೆರೆ ಬಳಿಯ ವರವು ಕಾವಲು ಅಮೃತಮಹಲ್ ದನಗಳ ಹುಲ್ಲುಗಾವಲಾಗಿತ್ತು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಆ ದನಗಳನ್ನು ಬೇರೆ ಬೇರೆ ಕಾವಲಿಗೆ ಹೊಡೆಯುತ್ತಿದ್ದರು. ದನ ಅತ್ತ ಹೋದಾಗ ಇತ್ತ ಹುಲ್ಲು ಚಿಗುರುತ್ತಿತ್ತು. ದೇಹಕ್ಕೂ ಅಂಥ ಬಿಡುವು ಬೇಕು. ಶನಿವಾರ, ಭಾನುವಾರದ ಜೊತೆ ಹಬ್ಬದ ರಜೆಯೂ ಕೂಡಿಬಂದಾಗ ಅದನ್ನು ಹಾಳುಮಾಡಿಕೊಳ್ಳಬೇಡಿ.

ಮೊದಲು, ಹೆಚ್ಚು ದುಡಿದ ಅಂಗಕ್ಕೆ ವಿಶ್ರಾಂತಿ ಕೊಡಿ. ಗುಂಡಿಮಗ್ಗದಲ್ಲಿ ಬಾಗಿ ಕೂರುವ ಮೊಳಕಾಲ್ಮೂರಿನ ರೇಷ್ಮೆ ನೇಕಾರರು ರಜೆಯಲ್ಲೂ ಟಿ.ವಿ. ಮುಂದೆ ಕೂತರೆ ಬೆನ್ನುನೋವು ಬಿಡದು. ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ನಡೆಯಿರಿ. ಬಿಸಿಲಲ್ಲಿ ದುಡಿದವರು ನೆರಳಲ್ಲಿ ಮಲಗಿ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಆದರೆ ನಡುರಾತ್ರಿವರೆಗೆ ಎಚ್ಚರವಿದ್ದು ಹೊತ್ತೇರಿದ ಮೇಲೆ ಏಳುವ ರೂಢಿ ಬೇಡ; ರಜೆ ಮುಗಿದ ದಿನ ಮೈ ಭಾರವಾಗುತ್ತದೆ.

ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಎಣ್ಣೆಸ್ನಾನ ಹೇಳಿಕೊಡಬೇಕಿಲ್ಲ. ಎಣ್ಣೆ ಉಗುರುಬೆಚ್ಚಗಿರಲಿ, ಕಿವಿಗೆ ಹಾಕಬೇಡಿ. ಬಚ್ಚಲಲ್ಲಿ ಹಿರಿಯರು ಜಾರದಂತೆ ಕೈಹಿಡಿಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳಿಗೆ ರಜೆಯಿಲ್ಲವೆಂಬುದು ನೆನಪಿರಲಿ.

ಇನ್ನೊಂದು ಮಾತು. ಹೋಳಿಗೆಯ ಹಬ್ಬ ಬಂದರೆ ಮನೆಮಂದಿಗೆಲ್ಲ ರಜೆ, ಮನೆಯಾಕೆಗೆ ಮಾತ್ರ ದುಪ್ಪಟ್ಟು ಕೆಲಸ! ಒಂದು ಹೊತ್ತಿನ ಅಡುಗೆಯನ್ನಾದರೂ ಉಳಿದವರು ವಹಿಸಿಕೊಳ್ಳಿ. ಸಾಕಷ್ಟು ವಿಶ್ರಾಂತಿ ಸಿಕ್ಕ ಮೇಲೂ ಆಕೆಯ ಸುಸ್ತು ವಾರಗಟ್ಟಲೆ ಉಳಿದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಅಥವಾ ಮಧುಮೇಹ ಕಾರಣವಿರಬಹುದು. ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ.